ಸೇವಿಕೆಯರು ಯಾರು? ಬೆಳಗಾವಿಯಿಂದ ಹೌಜ್ ಖಾಸ್‌ವರೆಗೆ

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆದದ್ದು ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ಜಾತ್ರೆಯಂಥ ಜನಸಂದಣಿಯನ್ನು ಸಂಭಾಳಿಸಿದವರು ಯಾರು ಎಂಬುದು ಮಾತ್ರ ಪಾಠದಲ್ಲಿರಲಿಲ್ಲ. ಅಲ್ಲಿ ದುಡಿದ ಸ್ವಯಂಸೇವಕರಲ್ಲಿ 150ಕ್ಕೂ ಹೆಚ್ಚು ಹೆಂಗಸರಿದ್ದರು. ಅವರನ್ನು ಒಟ್ಟುಗೂಡಿಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ.

ಉಮಾಬಾಯಿಯವರ ಪತಿ ತೀರಿಕೊಂಡು ಆಗ ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ. ಸೊಸೆಯನ್ನು ಓದಿಸಿದ್ದ ಮಾವ ಆನಂದರಾಯರು ಬೆನ್ನಿಗೆ ನಿಂತರು. ಹುಬ್ಬಳ್ಳಿಯಲ್ಲಿ ಅವರು ಭಗಿನಿ ಮಂಡಳ ಕಟ್ಟಿದರು, ಹೆಣ್ಣುಮಕ್ಕಳ ಶಾಲೆ ನಡೆಸಿದರು. ಬೆಳಗಾವಿಗೆ ಅವರು ಕರೆತಂದವರಲ್ಲಿ ಬಹಳ ಮಂದಿ ವಿಧವೆಯರು. ಮದುವೆ ಚಪ್ಪರದಲ್ಲಿ ಯಾರ ಕಣ್ಣಿಗೂ ಬೀಳದಂತೆ ಹಿಂದೆ ಕೂರಬೇಕಾಗಿದ್ದವರು ದೇಶದ ನಾಯಕರೆಲ್ಲ ಸೇರಿದ್ದ ಚಪ್ಪರದಲ್ಲಿ ಸೇವಿಕೆಯರಾಗಿ ಓಡಾಡಿದರು. ಇದನ್ನು ಓದಿದಾಗಿನಿಂದ ನನಗೆ ಬೆಳಗಾವಿ ಅಧಿವೇಶನವೆಂದರೆ ನಿರ್ಣಯಗಳಿಗಿಂತ ಮೊದಲು ಈ ಹೆಂಗಸರೇ ನೆನಪಾಗುತ್ತಾರೆ.

ಅವರ ಹಿಂದೆ ಇನ್ನೊಬ್ಬ ಹುಬ್ಬಳ್ಳಿಯವರಿದ್ದರು. ಡಾ. ನಾ. ಸು. ಹರ್ಡೀಕರ್ ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದ ವೈದ್ಯರು. 1923ರಲ್ಲಿ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಅವರೂ ಹುಬ್ಬಳ್ಳಿಯ ಅವರ ಗೆಳೆಯರೂ ಜೈಲು ಸೇರಿದರು, ಕ್ಷಮೆ ಕೇಳಲು ಒಪ್ಪಲಿಲ್ಲ. ಅದೇ ವರ್ಷ ಕಾಕಿನಾಡದ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಸೇವೆಗೆ ಮನಸ್ಸೊಂದಿದ್ದರೆ ಸಾಲದು, ಶಿಸ್ತು ಮತ್ತು ತರಬೇತಿಯೂ ಬೇಕು ಎಂಬುದು ಹರ್ಡೀಕರರ ಪಟ್ಟು. ಅದರ ಮಹಿಳಾ ವಿಭಾಗವನ್ನು ಉಮಾಬಾಯಿ ಮುನ್ನಡೆಸಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದಲ್ಲಿ ಹುಡುಗಿಯರಿಗೆ ತರಬೇತಿ ಕೊಟ್ಟರು.

ಕಾಕಿನಾಡದ್ದೇ ಇನ್ನೊಂದು ಕಥೆ ಪ್ರಸಿದ್ಧ. ಖಾದಿ ಪ್ರದರ್ಶನದ ಬಾಗಿಲಲ್ಲಿ ನಿಂತಿದ್ದ 14ರ ಹುಡುಗಿ ದುರ್ಗಾಬಾಯಿ, ಟಿಕೆಟ್ ಇಲ್ಲವೆಂದು ನೆಹರೂ ಅವರನ್ನೇ ತಡೆದಳು. ಟಿಕೆಟ್ ಬಂದ ಮೇಲೇ ಒಳಗೆ ಬಿಟ್ಟದ್ದು. ಮುಂದೆ 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದ ದುರ್ಗಾಬಾಯಿ ದೇಶಮುಖ್ ಇವರೇ.

ಇಷ್ಟೆಲ್ಲ ಆದರೂ 1930ರಲ್ಲಿ ದಾಂಡಿಗೆ ಹೊರಟ ಮೊದಲ 78 ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ! ಕಮಲಾದೇವಿ ಹೋಗಿ ಗಾಂಧೀಜಿಯವರೊಡನೆ ವಾದಿಸಿದ ಮೇಲೆ ಉಪ್ಪಿನ ಸತ್ಯಾಗ್ರಹದ ಬಾಗಿಲು ಹೆಂಗಸರಿಗೆ ತೆರೆಯಿತು. ಆಮೇಲೆ ಜೈಲಿಗೆ ಹೋದವರು ಸಾವಿರಾರು. 1932ರಲ್ಲಿ ಉಮಾಬಾಯಿಯವರೂ ಯರವಡಾ ಜೈಲಿನಲ್ಲಿದ್ದರು.

ನಾನಿರುವ ಹೌಜ್ ಖಾಸ್‌ನಿಂದ ಮೆಟ್ರೋದ ಹಳದಿ ಲೈನಿನಲ್ಲಿ ನಾಲ್ಕನೇ ಸ್ಟೇಷನ್ ಛತ್ತರ್‌ಪುರ. ದೇಶ ವಿಭಜನೆಯ ನಂತರ ಕಮಲಾದೇವಿಯವರು ಕಟ್ಟಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ತನ್ನ ಕೆಲಸ ಶುರುಮಾಡಿದ್ದು ಅಲ್ಲಿನ ನಿರಾಶ್ರಿತ ರೈತರ ಜೊತೆ. ಆಮೇಲೆ ಫರೀದಾಬಾದ್. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರು ಅಲ್ಲಿ ತಮ್ಮ ಊರನ್ನು ತಾವೇ ಕಟ್ಟಿಕೊಂಡರು, ಆದರೆ ಬಿಟ್ಟಿಯಾಗಿ ಅಲ್ಲ, ಕೂಲಿ ಪಡೆದು. ಹೊಟ್ಟೆಗಿಲ್ಲದವರ ದುಡಿಮೆಗೆ ‘ಸೇವೆ’ ಎಂದು ಹೆಸರಿಟ್ಟು ಪುಕ್ಕಟೆ ಮಾಡಿಸಿಕೊಳ್ಳಬಾರದೆಂಬ ಈ ಎಚ್ಚರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇವತ್ತು ‘ಗೌರವಧನ’ದ ಹೆಸರಿನಲ್ಲಿ ಎಷ್ಟು ಹೆಂಗಸರು ಪೂರ್ತಿ ದಿನ ದುಡಿಯುತ್ತಿದ್ದಾರೆ ನೋಡಿ.

ಸರ್ಕಾರದ ಸ್ವಯಂಸೇವಾ ನೀತಿಯ ಚರ್ಚೆಯೂ ದಿಲ್ಲಿಯದೇ. ಪದವಿಗೆ ಮುಂಚೆ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಸೇವೆ ಕಡ್ಡಾಯವಾಗಲಿ ಎಂದು 1959ರಲ್ಲಿ ಸಿ. ಡಿ. ದೇಶಮುಖ್ ಸಮಿತಿ ಹೇಳಿತು (ಇವರು ದುರ್ಗಾಬಾಯಿಯವರ ಪತಿ). ಬೇರೆ ದೇಶಗಳ ಅನುಭವ ನೋಡಿಬಂದ ಕೆ. ಜಿ. ಸಯ್ಯಿದೈನ್ ಅದು ಸ್ವಇಚ್ಛೆಯದಾಗಿರಲಿ ಎಂದರು. ಕೊನೆಗೆ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್ ಆರಂಭಿಸಿದವರು ಆಗಿನ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್, ನಮ್ಮ ಬಳ್ಳಾರಿಯ ಸಂಸದರು. ಎರಡು ವರ್ಷಕ್ಕೆ 240 ಗಂಟೆ, ಒಂದು ವಿಶೇಷ ಶಿಬಿರ. ನಮ್ಮಲ್ಲಿ ಎಷ್ಟೋ ಜನ ಸೇವೆಯನ್ನು ಗಂಟೆಗಳಲ್ಲಿ ಎಣಿಸಿದ್ದು ಅದೊಂದೇ ಸಲ.

ರಾವ್ ಅವರು ದೇಶದ ಆದಾಯವನ್ನು ಲೆಕ್ಕಹಾಕಿ ಹೆಸರಾದ ಅರ್ಥಶಾಸ್ತ್ರಜ್ಞರು. ಆದರೆ ಮನೆಯೊಳಗಿನ ಸಂಬಳವಿಲ್ಲದ ದುಡಿಮೆ ಇಂದಿಗೂ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲ. ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು ದೇಶದ ಮಟ್ಟದಲ್ಲಿ ಕೇಳಿದ್ದು 2019ರ ಸಮಯ ಬಳಕೆ ಸಮೀಕ್ಷೆ. ಸ್ವಯಂಸೇವೆ, ತರಬೇತಿ ಮುಂತಾದ ಸಂಬಳವಿಲ್ಲದ ಕೆಲಸಗಳಲ್ಲಿ ಒಂದು ದಿನದಲ್ಲಿ ತೊಡಗಿದ ಗಂಡಸರು ಶೇ. 2.7, ಹೆಂಗಸರು ಶೇ. 2.0. ಹೆಂಗಸರಿಗೆ ಮನಸ್ಸಿಲ್ಲವೇ? ಪಕ್ಕದ ಸಾಲು ನೋಡಿ. ಮನೆಗೆಲಸ ಮಾಡಿದ ಹೆಂಗಸರು ಶೇ. 81.2, ಅವರು ಕೊಟ್ಟ ಸಮಯ ದಿನಕ್ಕೆ ಸರಾಸರಿ 299 ನಿಮಿಷ. ಗಂಡಸರು ಶೇ. 26.1, ಕೊಟ್ಟದ್ದು 97 ನಿಮಿಷ. ಹೆಚ್ಚುಕಮ್ಮಿ ಐದು ಗಂಟೆ ಅಡುಗೆ, ಪಾತ್ರೆ, ಬಟ್ಟೆಗೆ ಹೋದ ಮೇಲೆ ಉಳಿಯುವುದು ಏನು?

ಹೌಜ್ ಖಾಸ್‌ನಲ್ಲಿ ಕೂತು ಇದನ್ನು ಬರೆಯುವಾಗ ಇನ್ನೊಂದು ಮಾತೂ ಹೇಳಲೇಬೇಕು. ನನ್ನಂಥ ಐಟಿಯವಳಿಗೆ ಸಂಘದ ಕೆಲಸಕ್ಕೆ ಭಾನುವಾರ ಬಿಡುವು ಸಿಗುವುದು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ದೀದಿ ಇರುವುದರಿಂದ. ಆಕೆ ತನ್ನ ಬಸ್ತಿಯಲ್ಲಿ ನೆರೆಮನೆಯ ಬಾಣಂತಿಯನ್ನು ನೋಡಿಕೊಳ್ಳುತ್ತಾಳೆ, ಅದನ್ನು ಯಾರೂ ವಾಲಂಟಿಯರಿಂಗ್ ಎನ್ನುವುದಿಲ್ಲ.

ಓದಿದವರು, ನೌಕರಿಯಲ್ಲಿರುವವರು, ನಾಲ್ಕು ಜನರ ಪರಿಚಯವಿರುವವರು ಹೆಚ್ಚಾಗಿ ಸ್ವಯಂಸೇವೆಗೆ ಬರುತ್ತಾರೆಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಒಂದು ಮುಖ್ಯ ಕಾರಣ ಬಹಳ ಸರಳ: ಅಂಥವರನ್ನು ಯಾರಾದರೂ ಕರೆಯುತ್ತಾರೆ. ಉಮಾಬಾಯಿ ಕರೆದದ್ದು ಯಾರೂ ಕರೆಯದವರನ್ನು.

ಸ್ವಾತಂತ್ರ್ಯದ ನಂತರ ಅವರು ತಾಮ್ರಪತ್ರವನ್ನೂ ಪಿಂಚಣಿಯನ್ನೂ ಬೇಡವೆಂದರು. 1992ರಲ್ಲಿ ತೀರಿಕೊಳ್ಳುವವರೆಗೆ ಹುಬ್ಬಳ್ಳಿಯ ಪುಟ್ಟ ಮನೆಯೊಂದರಲ್ಲಿದ್ದರು.

ರಾಜ್ಯೋತ್ಸವ ಬಂತೆಂದರೆ ಸ್ವಯಂಸೇವಕರ ಪಟ್ಟಿ ಮಾಡುವ ಸ್ಪ್ರೆಡ್‌ಶೀಟ್ ಕೆಲಸ ಸಾಮಾನ್ಯವಾಗಿ ನಮ್ಮಂಥವರ ಪಾಲಿಗೆ ಬರುತ್ತದೆ. ಹೆಸರು, ಫೋನ್, ಕೆಲಸ ಎಂಬ ಕಾಲಂಗಳ ಪಕ್ಕದಲ್ಲಿ ಈ ಸಲ ಇನ್ನೆರಡು ಹಾಕೋಣ ಎಂದಿದ್ದೇನೆ: ‘ಕೊಟ್ಟ ಗಂಟೆಗಳು’ ಮತ್ತು ‘ಇನ್ನು ಯಾರನ್ನು ಕರೆಯಬಹುದು?’ ಚಿತ್ರಾನ್ನ ಕಲಸಿದ ಗಂಟೆಗಳನ್ನೂ ಬರೆಯಿರಿ.