ಬಿಡಿ ಪತ್ರ, ಹೊಲಿದ ಗುಟಕ

ಬನಾರಸೀದಾಸನು ತನ್ನ ಆತ್ಮಕಥೆಯಾದ ‘ಅರ್ಧಕಥಾನಕ’ದಲ್ಲಿ (1641) ಹೇಳಿಕೊಂಡಿರುವ ಒಂದು ಪ್ರಸಂಗವು ಪುಸ್ತಕದ ಇತಿಹಾಸವನ್ನು ಅಭ್ಯಸಿಸುವವರಿಗೆ ಬಹಳ ಬೆಲೆಯುಳ್ಳದ್ದು. ಹದಿಹರೆಯದಲ್ಲಿ ಆತನು ಶೃಂಗಾರವನ್ನೇ ಬಹುವಾಗಿ ತುಂಬಿ ನವರಸಗಳ ಕೃತಿಯೊಂದನ್ನು ರಚಿಸಿದ್ದನು. ಅದರಲ್ಲಿ ಸಾವಿರ ದೋಹಾ ಚೌಪಾಯಿಗಳಿದ್ದವು. ಅಕ್ಬರನು ತೀರಿಕೊಂಡ ಕಾಲದ ಸುಮಾರಿನಲ್ಲಿ, ಜೌನಪುರದ ಗೋಮತೀ ಸೇತುವೆಯ ಮೇಲೆ ಮಿತ್ರರೊಡನೆ ಕುಳಿತಿದ್ದಾಗ, ಇಷ್ಟೊಂದು ಸುಳ್ಳನ್ನು ಬರೆದೆನಲ್ಲಾ ಎಂಬ ಜುಗುಪ್ಸೆಯಿಂದ ಅದನ್ನು ಹೊಳೆಗೆ ಎಸೆದುಬಿಟ್ಟನು. ಮಿತ್ರರು ಅಯ್ಯೋ ಎಂದರು. ಆದರೆ ಪತ್ರಗಳೆಲ್ಲ ನೀರಿನ ಮೇಲೆ ಹರಡಿಹೋಗಿದ್ದವು. ಅವನ್ನು ಒಟ್ಟುಗೂಡಿಸುವವರು ಯಾರು?

ಪತ್ರಗಳು ಹರಡಿದುದೇಕೆ? ಅವನ್ನು ಹೊಲಿದಿರಲಿಲ್ಲ. ತಾಳೆಗರಿಯನ್ನು ಮಡಿಸಲು ಬಾರದು, ಮಡಿಸಿದರೆ ಸೀಳುತ್ತದೆ. ಆದ್ದರಿಂದಲೇ ಗರಿಗೆ ರಂಧ್ರ ಕೊರೆದು ದಾರ ಪೋಣಿಸುವ ಪದ್ಧತಿ ಬಂದಿತು. ಕಾಗದಕ್ಕೆ ಈ ಕಟ್ಟುಪಾಡಿಲ್ಲ. ಆದರೂ ಗುಜರಾತ ರಾಜಸ್ಥಾನಗಳ ಜೈನ ಲಿಪಿಕಾರರು ಕಾಗದವು ಕೈಗೆ ಬಂದ ಮೇಲೂ ಶತಮಾನಗಳ ಕಾಲ ಅದನ್ನು ಗರಿಯಂತೆಯೇ ಉದ್ದಕ್ಕೆ ಕತ್ತರಿಸಿ, ಬಿಡಿಯಾಗಿಯೇ ಇಟ್ಟರು. ದಾರದ ರಂಧ್ರವಿರಬೇಕಾದ ನಡುಜಾಗವನ್ನು ಖಾಲಿ ಬಿಟ್ಟು, ಅಲ್ಲಿ ಕೆಂಪು ಬೊಟ್ಟೊಂದನ್ನು ಬರೆದರು. ರಂಧ್ರವಿಲ್ಲ, ದಾರವಿಲ್ಲ, ಅವುಗಳ ನೆನಪು ಮಾತ್ರ ಉಳಿಯಿತು.

ಈ ಬಿಡಿಪತ್ರಗಳ ನಡುವೆಯೇ ಇನ್ನೊಂದು ಬಗೆಯ ಪುಸ್ತಕ ಬೆಳೆಯಿತು. ಅದೇ ಗುಟಕ. (ಇಂದಿನ ಕನ್ನಡಿಗರಿಗೆ ಈ ಪದ ಕಿವಿಗೆ ಬಿದ್ದೊಡನೆ ಹೊಗೆಸೊಪ್ಪಿನ ಪೊಟ್ಟಣ ನೆನಪಾಗುವುದು ಪದದ ದುರ್ದೈವ.) ಅದರ ರಚನೆ ಅತಿ ಸರಳ. ಕೆಲವು ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಿಸುವುದು, ಮಡಿಕೆಯ ಗೆರೆಯಲ್ಲಿ ದಬ್ಬಣದಿಂದ ತೂತು ಮಾಡುವುದು, ಗಟ್ಟಿ ನೂಲನ್ನು ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಎಳೆದು ಗಂಟು ಹಾಕುವುದು. ಪುಸ್ತಕ ದಪ್ಪವಾಗಬೇಕಾದರೆ ಇಂಥ ಹಲವು ಮಡಿಕೆಗಳನ್ನು ಜೋಡಿಸಿ ಹೊಲಿದು ಅರಿವೆಯ ಹೊದಿಕೆ ಹಾಕುವುದು. ವರ್ತಕರ ಕೆಂಪು ಬಟ್ಟೆಯ ಬಹಿ ಲೆಕ್ಕದ ಪುಸ್ತಕವೂ ಇದೇ ಕುಲದ್ದು. ಮಡಿಸಿ ಹೊಲಿಯುವ ವಿದ್ಯೆಗೆ ಜೈನ ಗೃಹಸ್ಥನು ಬೇರೆಡೆ ಗುರುವನ್ನು ಅರಸಬೇಕಾಗಿರಲಿಲ್ಲ. ಅದು ಅವನ ಅಂಗಡಿಯಲ್ಲಿಯೇ ಇತ್ತು.

ನನ್ನ ದೃಷ್ಟಿಯಲ್ಲಿ ಮುಖ್ಯವಾದ ವ್ಯತ್ಯಾಸ ಬೇರೊಂದಿದೆ. ಬಿಡಿಪತ್ರದ ಪೋಥಿಯನ್ನು ಬರೆಯುತ್ತ ಹೋಗಬಹುದು, ಪತ್ರ ಸಾಲದಿದ್ದರೆ ಇನ್ನೊಂದನ್ನು ಸೇರಿಸಬಹುದು. ಮಡಿಸಿದ ಕಟ್ಟಿನಲ್ಲಿ ಹಾಗಾಗದು. ಅಲ್ಲಿ ಮೊದಲನೆಯ ಎಲೆಯೂ ಕೊನೆಯ ಎಲೆಯೂ ಒಂದೇ ಹಾಳೆ. ಆದುದರಿಂದ ಸಾಮಾನ್ಯವಾಗಿ ಮೊದಲು ಹೊಲಿಗೆ, ಆಮೇಲೆ ಬರವಣಿಗೆ. ಪಠ್ಯ ಮುಗಿದರೂ ಪುಟಗಳು ಉಳಿಯುತ್ತವೆ, ಉಳಿದ ಪುಟಗಳು ಬರೆಯೆಂದು ಕರೆಯುತ್ತವೆ! ಒಂದು ಸ್ತೋತ್ರದ ಹಿಂದೆ ಒಂದು ಪೂಜಾಪಾಠ, ಅದರ ಬೆನ್ನಿಗೆ ದ್ಯಾನತರಾಯನದೋ ಭೂಧರದಾಸನದೋ ಪದ, ಕೊನೆಗೆ ಜ್ವರದ ಔಷಧಿ, ಶಕುನದ ಕೋಷ್ಟಕ. ಇವೆಲ್ಲ ಗುಟಕದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಶಾಸ್ತ್ರದಾನಕ್ಕೆಂದು ಬರೆಸಿದ ಪ್ರತಿಯ ಪ್ರಶಸ್ತಿಯಲ್ಲಿ ‘ಕರ್ಮಕ್ಷಯಾರ್ಥಂ’ ಎಂಬ ಮಾತು ಕಾಣುತ್ತದೆ. ತನ್ನ ಓದಿಗಾಗಿ ಬರೆದುಕೊಂಡ ಪ್ರತಿಯಲ್ಲಿ ‘ಸ್ವಪಠನಾರ್ಥಂ’ ಎಂಬುದು.

ಪುಸ್ತಕದ ಆಕಾರವನ್ನು ಕುರಿತ ವಿಚಾರ ಜೈನರಲ್ಲಿ ಬಲು ಹಳೆಯದು. ಛೇದಸೂತ್ರಗಳ ಭಾಷ್ಯಕಾರರು ಗಂಡೀ, ಕಚ್ಛಪೀ, ಮುಷ್ಟಿ, ಸಂಪುಟಫಲಕ, ಛೇದಪಾಟೀ ಎಂದು ಐದು ಬಗೆಯ ಪುಸ್ತಕಗಳನ್ನು ಎಣಿಸಿದ್ದಾರೆ. ಎಣಿಸಿದ್ದು ಹೊಗಳುವುದಕ್ಕಲ್ಲ. ಪತ್ರಗಳ ನಡುವೆ ಕ್ರಿಮಿಗಳು ಸಾಯುತ್ತವೆ, ಪುಸ್ತಕವೂ ಪರಿಗ್ರಹವೇ. ಆದ್ದರಿಂದ ಮುನಿಯು ಅದನ್ನು ಎಷ್ಟು ಸಲ ಬಿಚ್ಚಿ ಕಟ್ಟುವನೋ ಅಷ್ಟು ಸಲ ಪ್ರಾಯಶ್ಚಿತ್ತ! ನೆನಪಿನ ಶಕ್ತಿ ಕುಂದಿದಂತೆ ಈ ಕಟ್ಟುನಿಟ್ಟು ಸಡಿಲಿತು. ಅಂಗೈಯಲ್ಲಿ ಅಡಗುವ ಮುಷ್ಟಿ ಪುಸ್ತಕವನ್ನು ಓದಿದಾಗಲೆಲ್ಲ ನನಗೆ ಗುಟಕವೇ ನೆನಪಾಗುತ್ತದೆ, ಅವೆರಡರ ರಚನೆ ಬೇರೆಯಾದರೂ.

ಕನ್ನಡ ನಾಡಿನಲ್ಲಿ ಬಸದಿಗಳು ತಾಳೆಗರಿಯನ್ನು ಬಹುಕಾಲ ಬಿಡಲಿಲ್ಲ. ಆದರೆ ಮಡಿಕೆಯ ಪುಸ್ತಕ ನಮಗೆ ಅಪರಿಚಿತವಲ್ಲ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ಶೃಂಗೇರಿ ಮಠದ ದಾಖಲೆಗಳಲ್ಲಿ ಕಾಣಬಹುದು. ಅದಕ್ಕೆ ಮಡಿಕೆಯುಂಟು, ಹೊಲಿಗೆಯಿಲ್ಲ. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದು. ಇಂದು ಕಚೇರಿಯ ಕಾಗದದ ಕಟ್ಟನ್ನು ಕಡತವೆನ್ನುವವರು ಈ ಕಪ್ಪು ಬಟ್ಟೆಯನ್ನು ಮರೆತಿದ್ದಾರೆ.

ಕಸ್ತೂರಚಂದ ಕಾಸಲೀವಾಲರು ರಾಜಸ್ಥಾನದ ಭಂಡಾರಗಳ ಗ್ರಂಥಸೂಚಿಯನ್ನು ಸಿದ್ಧಪಡಿಸುವಾಗ ಗುಟಕಗಳಲ್ಲಿ ಅಡಗಿದ ಸಣ್ಣ ಕೃತಿಗಳನ್ನೂ ಬಿಡದೆ ನಮೂದಿಸಿದರು. ದೊಡ್ಡ ಶಾಸ್ತ್ರಗ್ರಂಥಗಳ ಮುಂದೆ ಈ ಕೈಪುಸ್ತಕಗಳನ್ನು ಚಿಲ್ಲರೆಯೆಂದು ಬದಿಗಿಡುವವರು ಅವರ ಸೂಚಿಯನ್ನೊಮ್ಮೆ ತಿರುವಿಹಾಕಬೇಕು. ಜೀರ್ಣೋದ್ಧಾರಕ್ಕಾಗಿ ಗುಟಕದ ನೂಲು ಕತ್ತರಿಸುವವರಲ್ಲಿ ನನ್ನದೊಂದು ಬಿನ್ನಹ: ಯಾವ ಎಲೆ ಯಾವ ಎಲೆಯ ಜೋಡಿ ಎಂಬುದನ್ನು ಮೊದಲು ಬರೆದಿಡಿ. ಪೋಥಿಯ ಪತ್ರಗಳಿಗೆ ಅಂಕಿಯಿರುತ್ತದೆ. ಅಂಕಿಯಿಲ್ಲದ ಗುಟಕದಲ್ಲಿ ಎಲೆಗಳ ಅನುಕ್ರಮಕ್ಕೆ ಆ ಹೊಲಿಗೆಯೊಂದೇ ಸಾಕ್ಷಿ.