ಪೆಟ್ಟಿಗೆಗೆ ಚಕ್ರ ಬಂದದ್ದು ತಡವಾಗಿ

ದಕ್ಷಿಣ ಭಾರತದ ಹಳೆಯ ಕಾಲುದಾರಿಗಳ ಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಒಂದು ಬಗೆಯ ಕಲ್ಲು ಕಾಣಸಿಗುತ್ತದೆ. ನೆಟ್ಟಗೆ ನಿಂತ ಎರಡು ಕಂಬಗಳು, ಅವುಗಳ ಮೇಲೊಂದು ಅಡ್ಡ ಚಪ್ಪಡಿ; ಎತ್ತರ ಹೆಚ್ಚುಕಡಿಮೆ ಆಳಿನ ಹೆಗಲಿನಷ್ಟು. ತಲೆಹೊರೆ ಹೊತ್ತು ಬಂದವರು ಯಾರ ನೆರವೂ ಇಲ್ಲದೆ ಮೂಟೆಯನ್ನು ಅದರ ಮೇಲೆ ಸರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ನಡೆಯಲೆಂದು ನೆಟ್ಟ ಕಲ್ಲು ಅದು. ಪ್ರಯಾಣದ ಸಾಮಾನಿನ ಚರಿತ್ರೆಯನ್ನು ಆ ಕಲ್ಲಿನಿಂದ ಆರಂಭಿಸಿದರೆ ಒಂದು ಪ್ರಶ್ನೆ ಕೊನೆಯವರೆಗೂ ಜೊತೆಗಿರುತ್ತದೆ: ಹೊರೆ ಯಾರದು, ಹೊರುವವರು ಯಾರು?

ಕುದುರೆಗಾಡಿಗಳ ಕಾಲದ ಯುರೋಪಿನಲ್ಲಿ ಪೆಟ್ಟಿಗೆಗಳ ಮುಚ್ಚಳ ಡುಬ್ಬದಂತೆ ಉಬ್ಬಿರುತ್ತಿತ್ತು, ಮಳೆನೀರು ಜಾರಿಹೋಗಲೆಂದು. ರೈಲು, ಹಡಗುಗಳು ಬಂದಮೇಲೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಬೇಕಾಯಿತು. 1854ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ ಲೂಯಿ ವಿಟಾನ್ 1858ರಲ್ಲಿ ಚಪ್ಪಟೆ ಮುಚ್ಚಳದ, ಕ್ಯಾನ್ವಾಸ್ ಹೊದಿಸಿದ ಟ್ರಂಕನ್ನು ಮಾರಾಟಕ್ಕಿಟ್ಟ. ವಾಹನ ಬದಲಾದಾಗ ಪೆಟ್ಟಿಗೆಯ ಆಕಾರವೂ ಬದಲಾಯಿತು. ಅದನ್ನು ಎತ್ತುವ ಕೈ ಮಾತ್ರ ಬದಲಾಗಲಿಲ್ಲ.

ನಮ್ಮಲ್ಲಿ ಮೊದಲ ಪ್ರಯಾಣಿಕ ರೈಲು ಮುಂಬೈಯಿಂದ ಠಾಣೆಗೆ ಓಡಿದ್ದು 1853ರ ಏಪ್ರಿಲ್ 16ರಂದು. ಮುಂದೆ ತಗಡಿನ ಟ್ರಂಕು, ಹಾಸಿಗೆ ಸುತ್ತಿದ ಹೋಲ್ಡಾಲು, ನೀರಿನ ಹೂಜಿ, ಬುತ್ತಿಗಂಟು ಇವೆಲ್ಲ ರೈಲುಪ್ರಯಾಣದ ಸಂಗಾತಿಗಳಾದವು. ಇಷ್ಟನ್ನೂ ಒಬ್ಬರೇ ಹೊರಲಾಗದು. ಕೆಂಪು ಅಂಗಿ, ತೋಳಿಗೆ ಹಿತ್ತಾಳೆಯ ಬಿಲ್ಲೆ ತೊಟ್ಟವರು ನಿಲ್ದಾಣಗಳಲ್ಲಿ ಕಾಣಿಸಿಕೊಂಡರು. ಕನ್ನಡದಲ್ಲಿ ‘ಕೂಲಿ’ ಎಂದರೆ ದುಡಿಮೆಗೆ ಸಿಗುವ ಹಣ. ಪ್ಲಾಟ್‌ಫಾರಂ ಮೇಲೆ ಅದು ಮನುಷ್ಯನ ಹೆಸರೇ ಆಯಿತು.

ಸಾಮಾನು ಕೈತಪ್ಪಿದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲೊಂದು ಪ್ರಸಿದ್ಧ ರಾತ್ರಿಯಿದೆ. 1893ರ ಜೂನ್ 7ರಂದು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲ ದರ್ಜೆಯ ಟಿಕೇಟಿದ್ದರೂ, ಗಾಂಧಿಯವರನ್ನು ಡಬ್ಬಿಯಿಂದ ಹೊರದಬ್ಬಲಾಯಿತು. ಅಲ್ಲಿ ಆಗ ಚಳಿಗಾಲ. ಕೈಚೀಲ ಅವರ ಬಳಿಯಿತ್ತು. ಓವರ್‌ಕೋಟು ಮಾತ್ರ ರೈಲ್ವೆಯವರ ವಶದಲ್ಲಿದ್ದ ಸಾಮಾನಿನೊಳಗಿತ್ತು. ಕೇಳಿದರೆ ಮತ್ತೆ ಅವಮಾನವಾದೀತೆಂದು ಕೇಳದೆ, ನಡುಗುತ್ತ ರಾತ್ರಿ ಕಳೆದರೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಚಕ್ರಕ್ಕೆ ಐದು ಸಾವಿರ ವರ್ಷಗಳಿಗೂ ಮಿಕ್ಕ ವಯಸ್ಸು. ಆದರೂ ಸೂಟ್‌ಕೇಸಿಗೆ ಅದು ಸರಿಯಾಗಿ ಅಂಟಿಕೊಂಡದ್ದು ಮನುಷ್ಯ ಚಂದ್ರನ ಮೇಲೆ ಇಳಿದ ನಂತರ! ಅದಕ್ಕೆ ಮುಂಚೆಯೂ ಕೆಲವರು ಯತ್ನಿಸಿದ್ದರು, ಮಾರುಕಟ್ಟೆ ಒಪ್ಪಿರಲಿಲ್ಲ. ಅಮೆರಿಕದ ಲಗೇಜ್ ಕಂಪನಿಯೊಂದರಲ್ಲಿದ್ದ ಬರ್ನಾರ್ಡ್ ಸ್ಯಾಡೋ 1970ರಲ್ಲಿ ಕುಟುಂಬದೊಡನೆ ಪ್ರವಾಸ ಮುಗಿಸಿ ಬರುವಾಗ, ವಿಮಾನ ನಿಲ್ದಾಣದಲ್ಲಿ ಕಾರ್ಮಿಕನೊಬ್ಬ ಭಾರದ ಯಂತ್ರವನ್ನು ಚಕ್ರದ ಹಲಗೆಯ ಮೇಲೆ ಸಲೀಸಾಗಿ ತಳ್ಳುವುದನ್ನು ಕಂಡ. ಅವನು ಮಾಡಿದ ಪೆಟ್ಟಿಗೆಯನ್ನು ಅಂಗಡಿಗಳು ಮೊದಲಿಗೆ ತಿರಸ್ಕರಿಸಿದವು. ಗಂಡಸರು ಪೆಟ್ಟಿಗೆ ಎಳೆದುಕೊಂಡು ಹೋಗಲು ನಾಚುತ್ತಾರೆಂಬುದು ಆಗಿನ ನಂಬಿಕೆ. 1972ರಲ್ಲಿ ಪೇಟೆಂಟ್ ಸಿಕ್ಕಿತು. ಪಟ್ಟಿ ಹಿಡಿದೆಳೆಯುವ ಆ ಪೆಟ್ಟಿಗೆ ವಾಲಾಡುತ್ತಿತ್ತು. 1987ರಲ್ಲಿ ವಿಮಾನ ಚಾಲಕ ರಾಬರ್ಟ್ ಪ್ಲಾತ್ ಅದನ್ನು ನೆಟ್ಟಗೆ ನಿಲ್ಲಿಸಿ, ಎರಡು ಚಕ್ರ, ಉದ್ದನೆಯ ಹಿಡಿ ಕೊಟ್ಟ.

ಇಷ್ಟು ತಡವೇಕೆ? ಹೊರಲು ಬೇರೆಯವರಿರುವಾಗ ಚಕ್ರದ ಅಗತ್ಯ ಯಾರಿಗೂ ತಟ್ಟುವುದಿಲ್ಲ. ಪ್ರಯಾಣಿಕ ತನ್ನ ಹೊರೆಯನ್ನು ತಾನೇ ಎಳೆಯಬೇಕಾದಾಗ ಚಕ್ರ ಬಂತು. ಅದೇ ಚಕ್ರ ಇಲ್ಲಿ ಕೆಂಪಂಗಿಯವರ ಅನ್ನಕ್ಕೂ ತಾಗಿತು. 2016ರ ರೈಲ್ವೆ ಬಜೆಟ್ ಅವರನ್ನು ‘ಸಹಾಯಕ’ರೆಂದು ಕರೆಯುವುದಾಗಿ ಘೋಷಿಸಿತು. ಗೌರವದ ಹೆಸರು ಸಿಗುವ ಹೊತ್ತಿಗೆ ಕೆಲಸವೇ ಕರಗುತ್ತಿತ್ತು.

ಊರಿಗೆ ಹೊರಟು ಪೆಟ್ಟಿಗೆ ತುಂಬುವ ನಮಗೆ ಈ ಚರಿತ್ರೆಯಲ್ಲಿ ಬುದ್ಧಿಮಾತೂ ಇದೆ. ಮೆಟ್ಟಿಲ ಮುಂದೆ ಯಾವ ಚಕ್ರವೂ ನಡೆಯದು. ಆದ್ದರಿಂದ ಒಂದು ಮಹಡಿ ಸ್ವತಃ ಎತ್ತಿಕೊಂಡು ಹತ್ತಲಾಗುವಷ್ಟೇ ತುಂಬಬೇಕು. ಭಾರದ ವಸ್ತುಗಳು ಚಕ್ರದ ಬದಿಗಿದ್ದರೆ ಪೆಟ್ಟಿಗೆ ಮಗುಚುವುದಿಲ್ಲ. ಔಷಧಿ, ಕಾಗದಪತ್ರ, ಒಂದು ಬೆಚ್ಚನೆಯ ಬಟ್ಟೆ ಕೈಚೀಲದಲ್ಲೇ ಇರಲಿ. ಮರಳಿ ಬಂದಮೇಲೆ ಚಕ್ರಕ್ಕೆ ಸುತ್ತಿಕೊಂಡ ಕೂದಲು, ದಾರ ಬಿಡಿಸಿ, ಒಳಗೆ ಗಾಳಿಯಾಡಿಸಿ ಇಡಬೇಕು. ದಾರಿಬದಿಯ ಕಲ್ಲುಗಳು ಈಗ ಬರಿದಾಗಿ ನಿಂತಿವೆ; ಹೊರೆ ಇಳಿಸುವವರಿಲ್ಲ. ಎಷ್ಟು ಹೊರಬೇಕೆಂಬ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡು ಹೊರಡಬೇಕು.