ಗೋಳಿ ಸೊಪ್ಪು

ಗೋಳಿ ಸೊಪ್ಪು ಅಥವಾ ದೊಡ್ಡಗೋಣಿ ಸೊಪ್ಪು ಪೋರ್ಚುಲಕೇಸೀ ಕುಟುಂಬಕ್ಕೆ ಸೇರಿದ, ನೆಲದ ಮೇಲೆ ಹರಡಿ ಬೆಳೆಯುವ ಏಕವಾರ್ಷಿಕ ಮೂಲಿಕೆ. ಇದರ ವೈಜ್ಞಾನಿಕ ಹೆಸರು ಪೋರ್ಚುಲಕ ಒಲರೇಸಿಯ. ಲಿನೇಯಸ್ 1753ರಲ್ಲಿ ಈ ಹೆಸರಿನಿಂದ ವರ್ಣಿಸಿದನು. ಮರಾಠಿಯಲ್ಲಿ ಘೋಳ, ಹಿಂದಿಯಲ್ಲಿ ಕುಲ್ಫಾ ಎನ್ನುತ್ತಾರೆ. ಕರಾವಳಿಯ ಗೋಳಿಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಕಲಬುರಗಿ ಸೀಮೆಯ ತೊಗರಿ ಹೊಲಗಳಲ್ಲಿ ಇದು ಕಳೆಯೂ ಹೌದು, ಅಡುಗೆಯ ಸೊಪ್ಪೂ ಹೌದು.

ಲಕ್ಷಣಗಳು

ಕಾಂಡ ನುಣುಪಾಗಿದ್ದು ರಸದಿಂದ ತುಂಬಿರುತ್ತದೆ. ಬಣ್ಣ ಹಸಿರು ಅಥವಾ ಕೆಂಪು. ಎಲೆಗಳು ದಪ್ಪ, ಬುಡದಲ್ಲಿ ಕಿರಿದು, ತುದಿಯಲ್ಲಿ ದುಂಡು. ಐದು ದಳಗಳ ಹಳದಿ ಹೂವು ಬಿಸಿಲೇರಿದಾಗ ಕೆಲವೇ ಗಂಟೆ ಅರಳಿರುತ್ತದೆ. ಕಾಯಿಯ ಮೇಲ್ಭಾಗ ಮುಚ್ಚಳದಂತೆ ಕಳಚಿ ಸಾಸಿವೆಗಿಂತ ಚಿಕ್ಕದಾದ ಕಪ್ಪು ಬೀಜಗಳು ಉದುರುತ್ತವೆ.

ಇದರಂತೆಯೇ ನೆಲಕ್ಕೆ ಅಂಟಿ ಹರಡುವ ಯುಫೋರ್ಬಿಯ ಜಾತಿಯ ಕಳೆಗಳು ತಿನ್ನಲು ಯೋಗ್ಯವಲ್ಲ. ಕಾಂಡ ಮುರಿದಾಗ ಅವುಗಳಿಂದ ಬಿಳಿ ಹಾಲು ಒಸರುತ್ತದೆ. ಗೋಳಿಯ ರಸ ನೀರಿನಂತೆ ತಿಳಿಯಾಗಿರುತ್ತದೆ. ಹೊಸದಾಗಿ ಸೊಪ್ಪು ಕೀಳುವವರು ಮೊದಲು ಮಾಡಬೇಕಾದ ಪರೀಕ್ಷೆ ಇದೇ.

ಬರ ತಡೆಯುವ ಗುಣ

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವ ಈ ನಾಡಿಗೆ ಗೋಳಿ ಚೆನ್ನಾಗಿ ಹೊಂದಿಕೊಂಡಿದೆ. ಜೋಳ, ಕಬ್ಬುಗಳಂತೆ ಇದು ಸಿ4 ವಿಧಾನದ ದ್ಯುತಿಸಂಶ್ಲೇಷಣೆ ನಡೆಸುತ್ತದೆ. ನೀರಿನ ಕೊರತೆಯಾದಾಗ ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲರೂಪದಲ್ಲಿ ಕೂಡಿಡುವ ವಿಧಾನವನ್ನೂ ಅನುಸರಿಸಬಲ್ಲದು. ಈ ಎರಡೂ ಸಾಮರ್ಥ್ಯ ಒಂದೇ ಸಸ್ಯದಲ್ಲಿರುವುದು ಅಪರೂಪ. ಬಾಯಾರಿದ ಗಿಡದ ಸೊಪ್ಪು ಸಂಜೆಗಿಂತ ಬೆಳಗ್ಗೆ ಹೆಚ್ಚು ಹುಳಿಯಾಗಿರಲು ಈ ಆಮ್ಲವೇ ಕಾರಣ. ಕಿತ್ತು ಬದುವಿನ ಮೇಲೆ ಎಸೆದರೂ ಕಾಂಡದ ತುಂಡುಗಳು ಬೇಗ ಒಣಗದೆ, ಮಳೆ ಬಿದ್ದೊಡನೆ ಬೇರೂರುತ್ತವೆ. ಆದುದರಿಂದ ರೈತನಿಗೆ ಇದು ಬೇಸರದ ಕಳೆ.

ಬಳಕೆ

ಮುಂಗಾರಿನ ನಂತರ ಕಳೆ ತೆಗೆಯುವಾಗ ಎಳೆಯ ಕುಡಿಗಳನ್ನು ಆರಿಸಿಕೊಳ್ಳುತ್ತಾರೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಂಥ ಕಡೆ, ನೀರು ಹಾಯುವ ತೋಟಗಳಲ್ಲಿ ಬೇಸಿಗೆಯಲ್ಲೂ ಚಿಗುರು ದೊರೆಯಬಹುದು. ತೊಗರಿ ಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಪಲ್ಯವು ಜೋಳದ ರೊಟ್ಟಿಗೆ ಒಪ್ಪುತ್ತದೆ. ಸೊಪ್ಪಿಗೇ ಹುಳಿಯಿರುವುದರಿಂದ ಹುಣಸೆ ಕಡಿಮೆ ಸಾಕು.

ಸೊಪ್ಪುಗಳಲ್ಲಿ ವಿರಳವೆನ್ನುವಷ್ಟು ಪ್ರಮಾಣದ ಒಮೆಗಾ-3 ಕೊಬ್ಬಿನಾಮ್ಲ ಇದರಲ್ಲಿದೆ. ಆದರೆ ಆಕ್ಸಲಿಕ್ ಆಮ್ಲವೂ ಅಧಿಕ; ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ತಿನ್ನಬಾರದು. ಕುದಿಸಿ ನೀರು ಬಸಿದರೆ ಈ ಆಮ್ಲ ಕೆಲಮಟ್ಟಿಗೆ ತಗ್ಗುತ್ತದೆ. ಕಳೆನಾಶಕ ಸಿಂಪಡಿಸಿದ ಹೊಲ ಹಾಗೂ ಚರಂಡಿಯ ಅಂಚಿನ ಗಿಡಗಳನ್ನು ಅಡುಗೆಗೆ ಬಳಸಬಾರದು.